ಯಂತ್ರದ ಎದುರು ಒಬ್ಬರು ಕುಳಿತಿರತಕ್ಕದ್ದು

ಇವು ನಡೆದದ್ದು ಕಳೆದ ವರ್ಷ, ನವರಾತ್ರಿ ಮುಗಿದ ಮೇಲಿನ ವಾರಗಳಲ್ಲಿ.

ಪರೀಕ್ಷೆ ಎಂಬುದು ಇರುವಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ಮಕ್ಕಳಿಗೆ ಪರೀಕ್ಷೆ ಇಟ್ಟರೂ ನಡೆಯುತ್ತವೆ, ಯಂತ್ರಗಳಿಗೆ ಇಟ್ಟರೂ ನಡೆಯುತ್ತವೆ. ಮಕ್ಕಳನ್ನಾದರೆ ಗದರಿಸಬಹುದು. ವ್ಯತ್ಯಾಸ ಅಷ್ಟೇ.

೧. ಹೊಸ ಕೆಲಸ

ನಾನು ಉಡುಪಿಯ ಒಂದು ಬಾಲಕಿಯರ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ನಿವೃತ್ತಳಾಗಿ ಬಹಳ ಕಾಲವಾಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಣಿಪಾಲದಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಚೇರಿ ನಡೆಸುತ್ತಾಳೆ. ಶಾಲೆಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ ಗೇಟು ದಾಟುತ್ತಿದ್ದವಳು ಈಗ ಇತರರ ಹಾಜರಾತಿ ನೋಡುತ್ತಾಳೆ. ಒಂದು ದಿನ ನನ್ನ ಮನೆಗೆ ಬಂದು, ತನಗೆ ಪರೀಕ್ಷೆ ನಡೆಸಲು ಬಲ್ಲವರು ಬೇಕಾಗಿದ್ದಾರೆ ಎಂದಳು.

ವಿಷಯ ಹೀಗಿತ್ತು. ಸುತ್ತಲಿನ ಸಣ್ಣ ಸಹಕಾರಿ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಸದಸ್ಯರಾಗುವವರು ಇನ್ನು ಮುಂದೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕು. ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ಇವಳ ಕಚೇರಿ ಸಿದ್ಧಪಡಿಸಿತ್ತು. ಆದರೆ ಎಲ್ಲರ ಮನೆಯ ಕಂಪ್ಯೂಟರ್ ಒಂದೇ ಬಗೆಯದಲ್ಲ. ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ಎಂಬುದೂ ಒಬ್ಬೊಬ್ಬರಲ್ಲಿ ಒಂದೊಂದು. ಅರ್ಜಿಗಳು ಹೋಗಿ ಸೇರುವ ಸರ್ವರ್ ಎಂಬ ದೊಡ್ಡ ಯಂತ್ರಗಳೂ ಮೂರು: ಒಂದು ಮಣಿಪಾಲದ ಕಚೇರಿಯಲ್ಲಿ, ಒಂದು ಒಕ್ಕೂಟದ ಉಡುಪಿ ಕಚೇರಿಯಲ್ಲಿ, ಇನ್ನೊಂದು ಎಲ್ಲಿಯೋ ಬಾಡಿಗೆಗೆ ಹಿಡಿದದ್ದು, ಅದನ್ನು ಯಾರೂ ಕಣ್ಣಾರೆ ಕಂಡವರಿಲ್ಲ. ಪ್ರತಿಯೊಂದು ಬ್ರೌಸರೂ ಪ್ರತಿಯೊಂದು ಸರ್ವರಿನ ಮುಂದೆ ಕುಳಿತು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸಬೇಕು.

ಪ್ರಶ್ನೆಪತ್ರಿಕೆ ಎಂದರೆ ಒಂದು ಕಟ್ಟು ಅರ್ಜಿಗಳು. ಕೆಲವು ಸರಿಯಾದವು, ಕೆಲವು ಬೇಕೆಂದೇ ತಪ್ಪಾಗಿ ಬರೆದವು. ಸರಿಯಾದವನ್ನು ಸ್ವೀಕರಿಸಬೇಕು, ತಪ್ಪಾದವನ್ನು ಹಿಂದಕ್ಕೆ ಕಳುಹಿಸಬೇಕು. ಅವನ್ನು ತುಂಬುವುದು ಮನುಷ್ಯರಲ್ಲ, ಇನ್ನೊಂದು ಸಾಫ್ಟ್‌ವೇರ್. ಪರದೆಯ ಮೇಲೆ ಅಕ್ಷರಗಳು ತಾವಾಗಿ ಮೂಡುತ್ತವೆ. ತೇರ್ಗಡೆಯಾದರೆ ಕಚೇರಿಯ ಗೋಡೆಯ ಫಲಕದಲ್ಲಿ ಹಸಿರು ಚೌಕ, ಅನುತ್ತೀರ್ಣವಾದರೆ ಕೆಂಪು. ಯಾವ ಬ್ರೌಸರ್ ಯಾವ ದಿನ ಯಾವ ಸರ್ವರಿನ ಮುಂದೆ ಎಂಬುದರಲ್ಲೇ ತನ್ನ ಕಚೇರಿಯವರು ದಿನವಿಡೀ ಜಗಳವಾಡುತ್ತಾರೆ ಎಂದು ಒಡತಿ ದೂರಿದಳು.

“ಇದು ಹಾಲ್ ಮತ್ತು ವೇಳಾಪಟ್ಟಿಯ ಸಮಸ್ಯೆ ಟೀಚರ್. ನೀವು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿದವರು.”

ಅಭ್ಯರ್ಥಿಗಳು ನಡುವೆ ನೀರು ಕುಡಿಯಲು ಹೊರಗೆ ಹೋಗಬೇಕೆಂದು ಕೇಳುತ್ತವೆಯೋ ಎಂದು ವಿಚಾರಿಸಿದೆ. ಇಲ್ಲವೆಂದಳು. ನಾನು ಒಪ್ಪಿಕೊಂಡೆ.

ಕಚೇರಿಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥೆಯ ಪರಿಚಯವಾಯಿತು. ಕಾರ್ಕಳದ ಹುಡುಗಿ. ವಿಭಾಗದಲ್ಲಿ ಅವಳೊಬ್ಬಳೇ ಇದ್ದುದರಿಂದ ಮುಖ್ಯಸ್ಥೆ. ಈ ಕೆಲಸದಲ್ಲಿ ಅಭ್ಯರ್ಥಿ ಅನುತ್ತೀರ್ಣವಾದರೆ ದುಃಖಪಡಬಾರದು, ಒಂದು ತಪ್ಪು ಸಿಕ್ಕಿತಲ್ಲ ಎಂದು ಸಂತೋಷಪಡಬೇಕು ಎಂದು ಅವಳು ನನಗೆ ಮೊದಲ ಪಾಠ ಹೇಳಿದಳು. ಒಡತಿ ತನ್ನ ಮೇಜಿನಿಂದಲೇ, ಟೀಚರಿಗೆ ಅದನ್ನು ಹೊಸದಾಗಿ ಕಲಿಸಬೇಕಾಗಿಲ್ಲ ಎಂದಳು. ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ನೆನಪಿನ ಶಕ್ತಿ ಅಗತ್ಯಕ್ಕಿಂತ ಹೆಚ್ಚು.

ಹುಡುಗಿಗೆ ಒಂದು ಆತಂಕವಿತ್ತು. ಅವಳ ನಿಶ್ಚಿತಾರ್ಥ ಗೊತ್ತಾಗಿತ್ತು. ವರ ಹೆಬ್ರಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕ. ಕಾರ್ಕಳದ ಮನೆಯಲ್ಲಿ ಭಾನುವಾರ ಶಾಸ್ತ್ರ. ಒಕ್ಕೂಟದವರು ಫಲಕ ನೋಡಲು ಬರುವುದು ಅದರ ಮರುದಿನ, ಸೋಮವಾರ. ಫಲಕ ಪೂರ್ತಿ ಹಸಿರಾದರೆ ರಜೆ, ಒಂದು ಚೌಕ ಕೆಂಪಾಗಿ ಉಳಿದರೂ ಭಾನುವಾರ ಕಚೇರಿಗೆ ಬರಬೇಕು ಎಂದು ಒಡತಿ ಖಂಡಿತವಾಗಿ ಹೇಳಿದ್ದಳು.

“ನಿಶ್ಚಿತಾರ್ಥಕ್ಕೆ ನಾನು ಬೇಕಲ್ವಾ ಮೇಡಂ?” ಎಂದು ಹುಡುಗಿ ಕೇಳಿದಳು.

“ನನ್ನ ನಿಶ್ಚಿತಾರ್ಥದಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನಿಲ್ಲದೆಯೂ ನಡೆಯುತ್ತಿತ್ತು,” ಎಂದಳು ಒಡತಿ.

೨. ಗೈರುಹಾಜರಾದವನ ಅಂಕಗಳು

ಕಚೇರಿಯ ಹಿರಿಯ ಎಂಜಿನಿಯರ್ ಒಳ್ಳೆಯ ಮನುಷ್ಯ. ಸ್ವಲ್ಪ ಸುಲಭವಾಗಿ ತೃಪ್ತನಾಗುವವನು. ಎಲ್ಲ ಬಗೆಯ ಕಂಪ್ಯೂಟರುಗಳನ್ನೂ ಎಲ್ಲ ಬ್ರೌಸರುಗಳನ್ನೂ ಎಲ್ಲ ಸರ್ವರುಗಳನ್ನೂ ಕೂಡಿಸಿ ದೊಡ್ಡ ಚೌಕುಳಿಯೊಂದನ್ನು ಗೋಡೆಯ ಫಲಕದಲ್ಲಿ ಮೂಡಿಸಿದ್ದನು. ಬಹುಪಾಲು ಕೆಂಪು. ನಡುವೆ ಒಂದು ಸಾಲು ಮಾತ್ರ ಎಳೆಯ ಭತ್ತದ ಸಸಿಯಂತೆ ಹಸಿರಾಗಿತ್ತು. ಆ ಸಾಲನ್ನು ತೋರಿಸುವಾಗ ಅವನ ಧ್ವನಿಯೇ ಬೇರೆಯಾಗುತ್ತಿತ್ತು.

ನಾನು ವೇಳಾಪಟ್ಟಿ ಬರೆಯಲು ಪ್ರತಿ ಅಭ್ಯರ್ಥಿಯನ್ನೂ ಕಣ್ಣಾರೆ ನೋಡಬೇಕೆಂದೆ. ಹಾಲ್ ಟಿಕೆಟಿನ ಭಾವಚಿತ್ರವನ್ನು ಮುಖಕ್ಕೆ ಹೋಲಿಸಿ ನೋಡದೆ ಒಳಗೆ ಬಿಡುವ ಅಭ್ಯಾಸ ನನಗಿಲ್ಲ. ಒಂದೊಂದನ್ನೇ ತೆರೆದು ತೋರಿಸಿದನು. ಹಸಿರು ಸಾಲಿನ ಬ್ರೌಸರನ್ನು ತೋರಿಸು ಎಂದಾಗ ಹುಡುಕಿದನು. ಆ ಯಂತ್ರದಲ್ಲಿ ಹುಡುಕಿದನು, ಪಕ್ಕದ ಯಂತ್ರದಲ್ಲಿ ಹುಡುಕಿದನು, ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಿದನು. ಅದೇಕೆಂದು ನನಗೆ ತಿಳಿಯಲಿಲ್ಲ.

ಹುಡುಗಿ ನಿಧಾನವಾಗಿ ವಿವರಿಸಿದಳು. ಆ ಬ್ರೌಸರನ್ನು ತಯಾರಿಸುವವರು ಅದನ್ನು ತಮ್ಮದೇ ಕಂಪ್ಯೂಟರುಗಳಿಗೆ ಮಾತ್ರ ಮಾಡುತ್ತಾರೆ. ನಮ್ಮ ಈ ಬಗೆಯ ಕಂಪ್ಯೂಟರಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಅಭ್ಯರ್ಥಿ ಇಲ್ಲದಿದ್ದುದರಿಂದ ಪ್ರಶ್ನೆ ಕೇಳಿರಲಿಲ್ಲ. ಪ್ರಶ್ನೆ ಕೇಳದಿದ್ದುದರಿಂದ ತಪ್ಪು ಉತ್ತರ ಬಂದಿರಲಿಲ್ಲ. ತಪ್ಪು ಉತ್ತರ ಬಾರದಿದ್ದುದರಿಂದ ಫಲಕ ಹಸಿರು ತೋರಿಸಿತ್ತು.

ನಮ್ಮ ಶಾಲೆಯಲ್ಲಿ ಗೈರುಹಾಜರಾದವರಿಗೆ ಪೂರ್ಣಾಂಕ ಕೊಡುವ ಪದ್ಧತಿ ಇರಲಿಲ್ಲವೆಂದು ತಿಳಿಸಿ, ಆ ಸಾಲನ್ನು ಅಳಿಸಲು ಹೇಳಿದೆ. ಹುಡುಗಿ ಅಳಿಸಿದಳು. ಫಲಕ ಮೊದಲಿಗಿಂತಲೂ ಕೆಂಪಾಯಿತು. ಅವಳ ಮುಖ ಸಣ್ಣದಾಯಿತು. ಎಂಜಿನಿಯರ್ ಮಾತ್ರ ಖಾಲಿಯಾದ ಜಾಗವನ್ನು ನೋಡುತ್ತಲೇ ನಿಂತಿದ್ದನು.

“ಇಷ್ಟು ದಿನದಲ್ಲಿ ಒಮ್ಮೆಯೂ ತೊಂದರೆ ಕೊಡದಿದ್ದದ್ದು ಅದೊಂದೇ ಟೀಚರ್.”

೩. ಕಾಪುವಿನಲ್ಲಿ ಕಾಣೆಯಾದವನು

ವೇಳಾಪಟ್ಟಿ ಸಿದ್ಧವಾಯಿತು. ಎಂಜಿನಿಯರಿನ ಕ್ರಮದಲ್ಲಿ ಎಲ್ಲ ಬ್ರೌಸರುಗಳೂ ಒಂದೇ ಗಳಿಗೆಯಲ್ಲಿ ಒಂದೇ ಸರ್ವರಿನ ಮೇಲೆ ಮುಗಿಬೀಳುತ್ತಿದ್ದವು. ಗಂಟೆ ಬಾರಿಸಿದೊಡನೆ ಎಲ್ಲ ತರಗತಿಗಳ ಮಕ್ಕಳನ್ನೂ ಒಂದೇ ಮೆಟ್ಟಿಲಲ್ಲಿ ಇಳಿಸಿದರೆ ಏನಾಗುವುದೋ ಅದೇ ಆಗುತ್ತಿತ್ತು. ನಾನು ಒಂದೊಂದು ಸಾಲಿನಂತೆ ಇಳಿಸಿದೆ. ಅರ್ಧಕ್ಕಿಂತ ಹೆಚ್ಚು ಚೌಕಗಳು ಹಸಿರಾದವು, ಉಳಿದವನ್ನು ಎಂಜಿನಿಯರ್ ಒಂದೊಂದಾಗಿ ಸರಿಪಡಿಸತೊಡಗಿದನು.

ಆದರೆ ಒಳ್ಳೆಯ ಯಂತ್ರಗಳಲ್ಲಿ ಮಾತ್ರ ಪರೀಕ್ಷಿಸಿದರೆ ಸಾಲದು ಎಂದು ಹುಡುಗಿ ಹೇಳಿದಳು. ಅರ್ಜಿ ಹಾಕುವವರ ಯಂತ್ರಗಳು ಹಾಗಿರುವುದಿಲ್ಲ. ಆದ್ದರಿಂದ ಎರಡು ಹಳೆಯ ಕಂಪ್ಯೂಟರುಗಳನ್ನು ಗೊತ್ತುಮಾಡಿದೆವು. ಒಂದು, ಕಾರ್ಕಳದಲ್ಲಿ ಅವಳದೇ ಮನೆಯ ಚಾವಡಿಯಲ್ಲಿರುವುದು. ಇನ್ನೊಂದು, ಕಾಪುವಿನಲ್ಲಿ ಹೆದ್ದಾರಿಯ ಬದಿಯ ಝೆರಾಕ್ಸ್ ಅಂಗಡಿಯದು. ಆ ಊರಿನ ಅರ್ಧ ಜನ ಯಾವ ಅರ್ಜಿಯಿದ್ದರೂ ಅಲ್ಲಿಯೇ ಹೋಗಿ ಹಾಕಿಸುವುದು. ಅಂಗಡಿಯ ಯಜಮಾನರು ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದ ಬ್ಯಾರಿ. ಮಧ್ಯಾಹ್ನ ನಮಾಜಿಗೂ ಊಟಕ್ಕೂ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಕಂಪ್ಯೂಟರನ್ನು ನಾವು ಬಳಸಿಕೊಳ್ಳಬಹುದೆಂದು ಸಂತೋಷದಿಂದ ಒಪ್ಪಿದರು. ನಾವು ಅಲ್ಲಿಗೆ ಹೋಗಬೇಕಾಗಿಯೂ ಇರಲಿಲ್ಲ. ಮಣಿಪಾಲದಿಂದಲೇ ಪರೀಕ್ಷೆ ಆರಂಭವಾಗುತ್ತಿತ್ತು.

ಆರಂಭವಾಗುತ್ತಿತ್ತು, ಮುಗಿಯುತ್ತಿರಲಿಲ್ಲ. ಪ್ರತಿದಿನವೂ ಅಭ್ಯರ್ಥಿ ಮೊದಲ ಪುಟ ಬರೆಯುತ್ತಿದ್ದಂತೆ ಯಂತ್ರಸಹಿತ ಕಾಣೆಯಾಗುತ್ತಿತ್ತು. ಫಲಕದಲ್ಲಿ ಕೆಂಪು. ಎಂಜಿನಿಯರ್ ಮೊದಲು ಇಂಟರ್ನೆಟ್ಟನ್ನು ಬೈದನು, ಆಮೇಲೆ ಯಂತ್ರದ ನೆನಪಿನ ಶಕ್ತಿಯನ್ನು ಬೈದನು, ಕೊನೆಗೆ ಕಡಲಿನ ಉಪ್ಪುಗಾಳಿಯನ್ನು ಬೈದನು. ಬ್ರೌಸರನ್ನು ಮಾಡಿದವರಿಗೆ ದೀರ್ಘವಾದ ದೂರು ಬರೆದು, ಕಾಪು ಎಂಬ ಊರು ಎಲ್ಲಿದೆ ಎಂಬುದನ್ನೂ ಅದರಲ್ಲಿ ವರ್ಣಿಸಿದನು.

ನಾನು ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಪರೀಕ್ಷಾ ಕೊಠಡಿಯಲ್ಲಿ ಏನು ನಡೆಯುತ್ತದೆಂದು ತಿಳಿಯಬೇಕಾದರೆ ಕೊಠಡಿಯಲ್ಲಿ ಕುಳಿತಿರಬೇಕು.

ಯಜಮಾನರು ನಮ್ಮನ್ನು ಪರದೆ ಕಾಣುವಂತೆ ಬಾಗಿಲ ಹೊರಗಿನ ಬೆಂಚಿನಲ್ಲಿ ಆದರದಿಂದ ಕೂರಿಸಿ ಲಿಂಬೆ ಶರಬತ್ತು ತರಿಸಿದರು. ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮಸೀದಿಯಿಂದ ನಮಾಜಿನ ಬಾಂಗ್ ಕೇಳಿಸಿತು. ಯಜಮಾನರು ಎದ್ದು ಟೋಪಿ ಧರಿಸಿದರು, ನಮ್ಮಿಬ್ಬರಿಗೂ ನಮಸ್ಕರಿಸಿ ಬಾಗಿಲ ಬಳಿ ಹೋದರು, ಫ್ಯಾನಿನ ಸ್ವಿಚ್ಚು ತೆಗೆದರು, ದೀಪದ ಸ್ವಿಚ್ಚು ತೆಗೆದರು, ಆಮೇಲೆ ಬಹಳ ಅಭ್ಯಾಸವಾದ ಕೈಯಿಂದ ಮೈನ್ ಸ್ವಿಚ್ಚನ್ನೇ ಇಳಿಸಿದರು.

ಏಕೆ ಹೀಗೆ ಮಾಡಿದಿರಿ ಎಂದು ಹುಡುಗಿ ಹೆಚ್ಚುಕಡಿಮೆ ಅಳುತ್ತಲೇ ಕೇಳಿದಳು. ಅವರಿಗೆ ಆಶ್ಚರ್ಯವಾಯಿತು. ಕೋಣೆಯಲ್ಲಿ ಜನ ಇಲ್ಲದಿರುವಾಗ ಕರೆಂಟು ಉರಿಸಬಾರದೆಂದು ತಮ್ಮ ತಾಯಿ, ಉಮ್ಮ, ಚಿಕ್ಕಂದಿನಲ್ಲೇ ಕಲಿಸಿದ್ದಾರೆ ಎಂದರು. ಯಂತ್ರ ಕೆಲಸ ಮಾಡುತ್ತಿದ್ದದ್ದು ಕಾಣಲಿಲ್ಲವೇ ಎಂದು ಕೇಳಿದೆ.

“ಎದುರು ಯಾರೂ ಇರಲಿಲ್ಲ ಅಲ್ವಾ ಟೀಚರ್? ಯಾರೂ ಕೂತಿಲ್ಲದ ಮೇಲೆ ಅದು ಕೆಲಸ ಅಂತ ಹೇಗೆ ಗೊತ್ತಾಗುವುದು?”

ಮರಳಿ ಬಂದು ನಿಯಮವೊಂದನ್ನು ಬರೆದು ಎರಡು ಕಡೆಗೂ ಕಳುಹಿಸಿದೆ: ಪರೀಕ್ಷೆ ನಡೆಯುವಷ್ಟು ಹೊತ್ತು ಯಂತ್ರದ ಎದುರು ಒಬ್ಬರು ಕುಳಿತಿರತಕ್ಕದ್ದು.

ಕಾಪುವಿನಲ್ಲಿ ಆ ಕೆಲಸವನ್ನು ಯಜಮಾನರ ಉಮ್ಮ ವಹಿಸಿಕೊಂಡರು. ಅಂಗಡಿಯ ಹಿಂದೆಯೇ ಮನೆ. ಮರುದಿನ ಎಂಜಿನಿಯರ್ ನೋಡಿಬರಲು ಹೋದಾಗ, ಹಿರಿಯಾಕೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ತಾವಾಗಿ ಮೂಡುವ ಅಕ್ಷರಗಳನ್ನು ನೋಡುತ್ತಿದ್ದರಂತೆ. ಕೈಯನ್ನು ಮಡಿಲಿನಿಂದ ತೆಗೆಯಲೇ ಇಲ್ಲವಂತೆ. ಯಂತ್ರದ ಪಕ್ಕದಲ್ಲಿ ಅಕ್ಕಿ ರೊಟ್ಟಿ, ಮೀನು ಸಾರು ಮುಚ್ಚಿಟ್ಟಿತ್ತು. ಒಳಗೆ ಕುಳಿತು ಬರೆಯುವವನು ಯಾರೇ ಆಗಲಿ, ಊಟದ ಹೊತ್ತಿನಲ್ಲಿ ಇಷ್ಟು ದುಡಿಯುತ್ತಾನೆ, ಉಪವಾಸ ಕಳುಹಿಸುವುದು ಸರಿಯಲ್ಲ ಎಂದು ಅವರ ಅಭಿಪ್ರಾಯ.

ಕಾಪುವಿನ ಚೌಕ ಹಸಿರಾಯಿತು. ಆದರೂ ಅಲ್ಲಿಗೆ ಪ್ರತಿದಿನ ಒಬ್ಬರು ಹೋಗಿ ಬರುವುದು ಒಳ್ಳೆಯದೆಂದು, ಅದಕ್ಕೆ ತಾನೇ ಸಿದ್ಧನಿದ್ದೇನೆಂದು, ಹೋಗುವುದಾದರೆ ಮಧ್ಯಾಹ್ನವೇ ಹೋಗಬೇಕೆಂದು ಎಂಜಿನಿಯರ್ ಆ ವಾರವಿಡೀ ವಾದಿಸುತ್ತಿದ್ದನು.

೪. ದೋಷವಿಲ್ಲದ ಸದಸ್ಯ

ಸರಿಯಾದ ಅರ್ಜಿಗಳ ಕಟ್ಟಿನಲ್ಲಿ ಮೊದಲನೆಯದು ಕೆ. ದೇಜಪ್ಪ ಎಂಬವರದು. ಅಂಥ ಮನುಷ್ಯರಿಲ್ಲ. ಹುಡುಗಿ ತಾನೇ ಹುಟ್ಟಿಸಿದ ಹೆಸರು. ವಿಳಾಸ, ಹುಟ್ಟಿದ ದಿನ, ಉದ್ಯೋಗ, ನಾಮನಿರ್ದೇಶನ, ಎಲ್ಲವನ್ನೂ ಒಂದು ಚುಕ್ಕೆಯೂ ತಪ್ಪದಂತೆ ಬರೆದಿದ್ದಳು. ತಪ್ಪಾದ ಅರ್ಜಿಗಳೂ ಇದೇ ದೇಜಪ್ಪನವರವೇ: ಒಂದರಲ್ಲಿ ಹೆಸರಿಲ್ಲ, ಒಂದರಲ್ಲಿ ಫೋನ್ ಸಂಖ್ಯೆ ಅರ್ಧ, ಇನ್ನೊಂದರಲ್ಲಿ ವಯಸ್ಸು ನೂರ ಎಂಬತ್ತು. ತಪ್ಪಾದವು ಹಿಂದಕ್ಕೆ ಬರುತ್ತಿದ್ದವು, ಸರಿಯಾದದ್ದು ಒಳಗೆ ಹೋಗುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಅದನ್ನು ಅಳಿಸಬೇಕು. ಒಕ್ಕೂಟದ ಉಡುಪಿ ಕಚೇರಿಯ ಸರ್ವರಿನಲ್ಲಿ ಅಳಿಸುವುದನ್ನು ಎಂಜಿನಿಯರ್ ನಾಳೆಗೆ ಬಿಟ್ಟಿದ್ದನು. ಅವನು ಕಾಪುವಿಗೆ ಹೋಗಿದ್ದನು.

ಒಕ್ಕೂಟದ ಮ್ಯಾನೇಜರು ಅದನ್ನು ನೋಡಿಬಿಟ್ಟರು. ಕೆಲವು ದಿನಗಳ ಮೇಲೆ ನಾನು ಅಲ್ಲಿಗೆ ಹೋದಾಗ, ಅವರು ಬಹಳ ಪ್ರಸನ್ನರಾಗಿ, ವಾರ್ಷಿಕ ಮಹಾಸಭೆಯ ಊಟದ ಉಪಸಮಿತಿಗೆ ಕೆ. ದೇಜಪ್ಪನವರನ್ನು ಆರಿಸಿದ್ದೇವೆ ಎಂದು ತಿಳಿಸಿದರು. ಅವಿರೋಧವಾಗಿ ಆರಿಸಿದ್ದರು. ಪ್ರತಿ ವರ್ಷ ಆ ಸಮಿತಿಗೆ ಹೆಸರು ಸೂಚಿಸುವಾಗ ಎರಡು ಪಂಗಡಗಳಾಗಿ ಮಾತು ಬೆಳೆಯುವುದು ವಾಡಿಕೆಯಂತೆ. ಈ ಸಲ ದೇಜಪ್ಪನವರ ವಿರುದ್ಧ ಯಾರಿಗೂ ಏನೂ ಹೇಳಲು ತೋಚಲಿಲ್ಲವಂತೆ.

ಅವರು ಯಾರೆಂದು ವಿಚಾರಿಸಬೇಡವೇ ಎಂದೆ.

“ಅರ್ಜಿ ನೋಡಿದ್ರೆ ಗೊತ್ತಾಗುವುದಿಲ್ವಾ ಟೀಚರ್? ನನ್ನ ಸರ್ವಿಸಿನಲ್ಲಿ ಇಂಥ ಅರ್ಜಿ ಕಂಡಿಲ್ಲ. ಒಂದು ಕಾಲಂ ಖಾಲಿ ಇಲ್ಲ, ಒಂದು ಕಡೆ ಕಾಟು-ತಿದ್ದು ಇಲ್ಲ. ಸಮಿತಿಗೆ ಇಂಥವರೇ ಬೇಕು.”

ಇನ್ನು ಮುಚ್ಚಿಡುವುದು ಸರಿಯಲ್ಲವಾಗಿತ್ತು. ಕೆ. ದೇಜಪ್ಪ ಎಂಬವರು ಇಲ್ಲ, ಎಂದೂ ಇರಲಿಲ್ಲ, ಅವರು ನಮ್ಮ ಪರೀಕ್ಷೆಗಾಗಿ ಮಾಡಿದ ಹೆಸರು ಎಂದು ಸ್ಪಷ್ಟವಾಗಿ ಹೇಳಿದೆ. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. ಒಕ್ಕೂಟದವರು ಸಿಟ್ಟಾಗಿ ಎಲ್ಲವನ್ನೂ ಮೊದಲಿನಿಂದ ಮತ್ತೆ ಪರೀಕ್ಷಿಸಿ ಎಂದರೆ ಆ ಹುಡುಗಿಯ ರಜೆಯ ಗತಿ ಏನು ಎಂದು ನನಗೆ ಯೋಚನೆಯಾಯಿತು. ಅವರು ಕನ್ನಡಕ ಹಾಕಿಕೊಂಡು ಸಾವಧಾನವಾಗಿ ಹೇಳಿದರು:

“ಅದು ಒಳ್ಳೆಯದೇ ಆಯ್ತು. ಉಳಿದವರು ಇದ್ದಾರೆ, ಇದ್ದು ಜಗಳ ಮಾಡ್ತಾರೆ.”

ದೇಜಪ್ಪನವರನ್ನು ಮಹಾಸಭೆ ಮುಗಿಯುವ ತನಕ ಅಳಿಸಬಾರದೆಂದು ಕೇಳಿಕೊಂಡರು. ನಾವು ಅಳಿಸಲಿಲ್ಲ.

೫. ಕಾರ್ಕಳದ ಕೆಂಪು ಚೌಕ

ಶನಿವಾರ ಮಧ್ಯಾಹ್ನದ ಹೊತ್ತಿಗೆ ಫಲಕ ಪೂರ್ತಿ ಹಸಿರಾಗಿತ್ತು, ಒಂದು ಚೌಕ ಬಿಟ್ಟು. ಅದು ಕಾರ್ಕಳದ್ದು, ಹುಡುಗಿಯ ಮನೆಯ ಚಾವಡಿಯ ಹಳೆಯ ಕಂಪ್ಯೂಟರಿನದು.

ಶುಕ್ರವಾರದವರೆಗೆ ಆ ಚೌಕ ಹಸಿರಾಗಿಯೇ ಇತ್ತು. ಕೊನೆಯದಾಗಿ ಎಲ್ಲವನ್ನೂ ಇನ್ನೊಮ್ಮೆ ಓಡಿಸಿ ನೋಡಬೇಕೆಂದು ವೇಳಾಪಟ್ಟಿಯಲ್ಲಿತ್ತು. ಹಾಗೆ ಓಡಿಸಿದಾಗ ಕೆಂಪಾಯಿತು. ಇನ್ನೊಮ್ಮೆ ಓಡಿಸಿದರು, ಕೆಂಪು. ತಪ್ಪು ಅರ್ಜಿಗಳನ್ನು ಹಿಂದಕ್ಕೆ ಕಳುಹಿಸಬೇಕಿತ್ತು, ಒಂದನ್ನೂ ಬಿಡದೆ ಎಲ್ಲವನ್ನೂ ಸ್ವೀಕರಿಸಿದೆ ಎಂದು ಫಲಕ ದೂರುತ್ತಿತ್ತು. ಯಂತ್ರ ಹಳೆಯದಾಯಿತು, ಅದಕ್ಕೆ ಈಗ ಸರಿ ತಪ್ಪು ತಿಳಿಯುವುದಿಲ್ಲ ಎಂದನು ಎಂಜಿನಿಯರ್. ಹಾಗೆನ್ನುವಾಗ ನನ್ನ ಕಡೆಗೆ ನೋಡದಿದ್ದದ್ದು ಅವನ ಪುಣ್ಯ.

ಕೊಟ್ಟ ಮಾತಿಗೆ ತಪ್ಪಬಾರದೆಂದು ಒಡತಿಗೆ ಶಾಲೆಯಲ್ಲಿ ಕಲಿಸಿದವಳು ನಾನೇ ಆದ್ದರಿಂದ, ಬಿಟ್ಟುಬಿಡು ಎಂದು ಅವಳಿಗೆ ಹೇಳುವಂತಿರಲಿಲ್ಲ. ಹುಡುಗಿ ನಾಳೆ ಉಡಬೇಕಾದ ಸೀರೆಯ ಚೀಲವನ್ನು ಕುರ್ಚಿಗೆ ತೂಗುಹಾಕಿಕೊಂಡು, ಮತ್ತೆ ಮತ್ತೆ ಪರೀಕ್ಷೆ ಓಡಿಸುತ್ತಿದ್ದಳು. ಕಾರ್ಕಳದ ಸಂಜೆಯ ಬಸ್ಸು ತಪ್ಪಿದರೆ ಹೇಗೆ ಹೋಗುವುದು ಎಂಬ ಪ್ರಶ್ನೆಯೇ ಉಳಿದಿರಲಿಲ್ಲ, ಹೋಗುವುದೇ ಇಲ್ಲವೆಂಬಂತಾಗಿತ್ತು.

ಆ ಯಂತ್ರ ಸ್ವೀಕರಿಸಿದ ಅರ್ಜಿಗಳನ್ನು ನನಗೆ ತೋರಿಸು ಎಂದೆ. ಅಂಕ ಕಡಿಮೆ ಬಂದಾಗ ನಾನು ಅಂಕಪಟ್ಟಿ ನೋಡುವುದಿಲ್ಲ, ಉತ್ತರಪತ್ರಿಕೆ ನೋಡುತ್ತೇನೆ.

ತೆರೆದು ತೋರಿಸಿದಳು. ಹೆಸರಿಲ್ಲದ ಅರ್ಜಿಯಲ್ಲಿ ಹೆಸರಿತ್ತು. ಅರ್ಧವಿದ್ದ ಫೋನ್ ಸಂಖ್ಯೆ ಪೂರ್ತಿಯಾಗಿತ್ತು. ನೂರ ಎಂಬತ್ತು ವರ್ಷದ ದೇಜಪ್ಪನವರಿಗೆ ಐವತ್ತೆಂಟು ವರ್ಷವಾಗಿತ್ತು. ಹುಟ್ಟಿದ ದಿನವನ್ನು ನೋಡಿ ಕೂಡಿಸಿ ಕಳೆದೆ. ಐವತ್ತೆಂಟೇ ಸರಿ.

ಯಂತ್ರಗಳ ವಿಷಯ ನನಗೆ ಹೆಚ್ಚು ತಿಳಿಯದು. ಆದರೆ ಪಕ್ಕದ ಕಾಲಮ್ಮಿನಿಂದ ಲೆಕ್ಕ ಹಾಕಿ ಉತ್ತರವನ್ನು ತಿದ್ದಿದ ಕೈಯನ್ನು ನಾನು ಜೀವಮಾನವಿಡೀ ಸ್ಟಾಫ್ ರೂಮಿನಲ್ಲಿ ಕಂಡಿದ್ದೇನೆ.

“ಇದು ಯಂತ್ರದ ಕೆಲಸವಲ್ಲ. ಅಲ್ಲಿ ಯಾರೋ ಅಧ್ಯಾಪಕರು ಕುಳಿತಿದ್ದಾರೆ,” ಎಂದೆ.

ಹುಡುಗಿ ಮನೆಗೆ ಫೋನ್ ಮಾಡಿದಳು. ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳಿಸುವಂತೆ ಮಾತನಾಡಿದಳು. ತಾಯಿ ಮಗಳ ಮಾತು ತುಳುವಿನಲ್ಲಿ ನಡೆಯಿತು. ಅದರ ತಾತ್ಪರ್ಯವನ್ನು ಬರೆಯುತ್ತೇನೆ.

“ಅಮ್ಮಾ, ಕಂಪ್ಯೂಟರಿನ ಎದುರು ಯಾರು ಕೂತಿರುವುದು?”

“ಯಾರೂ ಇಲ್ಲ ಮಗಾ. ಅವರೇ.”

“ಅವರು ಅಂದ್ರೆ ಯಾರು?”

“ಅವರು ಅಂದ್ರೆ ಎಂತ ಕೇಳುವುದು? ನಿನ್ನವರು.”

ವಿವರ ಹೊರಬಂತು. ವರ ಬೆಳಿಗ್ಗೆ ತನ್ನ ಸೋದರಮಾವನೊಂದಿಗೆ, ನಾಳೆಯ ವ್ಯವಸ್ಥೆ ಮಾತನಾಡಲು ಬಂದಿದ್ದನು. ಹಿರಿಯರು ಮಾತನಾಡುತ್ತಿದ್ದರು. ಮನೆಯವರೆಲ್ಲ ಚಪ್ಪರ, ಅಡುಗೆ ಎಂದು ಓಡಾಡುತ್ತಿದ್ದರು. ಕಂಪ್ಯೂಟರಿನ ಎದುರು ಒಬ್ಬರು ಕುಳಿತಿರಬೇಕೆಂಬ ನನ್ನ ನಿಯಮ ಗೋಡೆಯಲ್ಲಿ ಅಂಟಿಸಿತ್ತು. ಚಾವಡಿಯಲ್ಲಿ ಕೈಯಿರುವ, ದಿಂಬಿರುವ ಕುರ್ಚಿ ಎಂದರೆ ಅದೊಂದೇ. ಮನೆಗೆ ಬಂದ ಅಳಿಯನಾಗುವವರನ್ನು ಬೇರೆ ಕುರ್ಚಿಯಲ್ಲಿ ಕೂರಿಸುವುದು ಹೇಗೆ? ಹೀಗೆ ಎರಡು ಕೆಲಸವೂ ಒಟ್ಟಿಗೆ ಆಯಿತು ಎಂದು ತಾಯಿಗೆ ಸಮಾಧಾನವಾಗಿತ್ತು.

ಫೋನನ್ನು ಅವರಿಗೆ ಕೊಡು ಎಂದಳು ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ ಗಂಭೀರವಾದ ಗಂಡುಧ್ವನಿಯೊಂದು ಕೇಳಿಸಿತು. ಮೆಲ್ಲಗೆ, ಅಕ್ಕಪಕ್ಕದವರಿಗೆ ಕೇಳಿಸಬಾರದೆಂಬಂತೆ ಮಾತನಾಡಿದನು.

“ನೀವು ಗಾಬರಿ ಮಾಡಬೇಡಿ. ಇಲ್ಲಿ ತುಂಬಾ ತಪ್ಪುಗಳು ಬರ್ತಾ ಉಂಟು. ಬಂದ ಹಾಗೆ ನಾನು ತಿದ್ದುತ್ತಾ ಇದ್ದೇನೆ. ಕಂಪ್ಯೂಟರ್ ಸ್ವಲ್ಪ ನಿಧಾನ, ಹಾಗಾಗಿ ತಿದ್ದಲಿಕ್ಕೆ ಸಮಯ ಸಿಗ್ತದೆ. ಮಾವನಿಗೆ ಹೇಳಲಿಲ್ಲ. ನಾನು ಯಾರಿಗೂ ಹೇಳುವುದಿಲ್ಲ.”

ತಾನು ಮದುವೆಯಾಗಲಿರುವ ಹುಡುಗಿಯ ಕೆಲಸದಲ್ಲಿ ಇಷ್ಟೊಂದು ತಪ್ಪುಗಳಿರುವುದನ್ನು ಕಂಡು, ಆ ಮನುಷ್ಯ ಬೆಳಗಿನಿಂದ ತಿಂಡಿಯನ್ನೂ ಮುಟ್ಟದೆ ಅವಳ ಮಾನ ಕಾಪಾಡುತ್ತಾ ಕುಳಿತಿದ್ದನು.

“ಆ ತಪ್ಪುಗಳನ್ನು ಬರೆದದ್ದು ನಾನೇ,” ಎಂದಳು ಹುಡುಗಿ.

“ಪರವಾಗಿಲ್ಲ. ಎಲ್ಲರಿಗೂ ಆಗ್ತದೆ.”

“ಬೇಕೆಂದೇ ಬರೆದದ್ದು.”

ಗಣಿತದ ಅಧ್ಯಾಪಕನೊಬ್ಬನ ಮನಸ್ಸಿನಲ್ಲಿ ಇಂಥ ಮಾತು ಇಳಿಯಲು ಎಷ್ಟು ಸಮಯ ಬೇಕೆಂಬುದು ನನಗೆ ಗೊತ್ತು.

“ನೂರ ಎಂಬತ್ತು ಕೂಡಾ?”

“ನೂರ ಎಂಬತ್ತು ಕೂಡಾ. ಅದನ್ನು ಹಾಗೆಯೇ ಬಿಡಬೇಕು. ತಪ್ಪನ್ನು ಅದು ತಾನಾಗಿ ಕಂಡುಹಿಡಿಯುತ್ತದೋ ಇಲ್ಲವೋ ಎಂದು ನೋಡುವುದೇ ನನ್ನ ಕೆಲಸ. ನೀವು ತಿದ್ದಿದರೆ ನನಗೆ ನಾಳೆ ರಜೆ ಇಲ್ಲ.”

“ಸರಿ,” ಎಂದನು. “ಇನ್ನು ನೀವು ಹೇಳದೆ ನಾನು ಏನನ್ನೂ ತಿದ್ದುವುದಿಲ್ಲ. ಕೈ ಕಟ್ಟಿ ಕೂರ್ತೇನೆ.”

ಪರೀಕ್ಷೆಯನ್ನು ಮತ್ತೆ ಓಡಿಸಿದರು. ಕಾರ್ಕಳದಲ್ಲಿ ಒಬ್ಬನು ಕೈ ಕಟ್ಟಿ ಕುಳಿತು, ನೂರ ಎಂಬತ್ತು ವರ್ಷದ ದೇಜಪ್ಪನವರು ಕಣ್ಣೆದುರು ಹಾದುಹೋಗುವುದನ್ನು ಸಹಿಸಿದನು. ಅವನು ಪಟ್ಟ ಕಷ್ಟ ಎಷ್ಟೆಂಬುದು ಆ ಕಚೇರಿಯಲ್ಲಿ ನನ್ನೊಬ್ಬಳಿಗೆ ಮಾತ್ರ ಅರ್ಥವಾಗಿತ್ತು. ಚೌಕ ಹಸಿರಾಯಿತು.

ಒಡತಿ ರಜೆ ಮಂಜೂರು ಮಾಡಿ ನನ್ನ ಕಡೆಗೆ ತಿರುಗಿದಳು. ಎದುರು ಕುಳಿತಿರತಕ್ಕದ್ದು ಎಂದು ನಿಯಮದಲ್ಲಿತ್ತೇ ಹೊರತು, ಮುಟ್ಟತಕ್ಕದ್ದಲ್ಲ ಎಂದು ಇರಲಿಲ್ಲ ಟೀಚರ್ ಎಂದಳು. ಪರೀಕ್ಷಾ ಮೇಲ್ವಿಚಾರಕರು ಅಭ್ಯರ್ಥಿಗೆ ಉತ್ತರ ಬರೆದುಕೊಡಬಾರದೆಂಬುದನ್ನು ಬರೆದು ತಿಳಿಸಬೇಕಾದ ಕೇಂದ್ರದಲ್ಲಿ ನಾನು ಎಂದೂ ಕೆಲಸ ಮಾಡಿರಲಿಲ್ಲವೆಂದು ಉತ್ತರಿಸಿದೆ. ಅವಳು ನಕ್ಕಳು. ಕಾಪುವಿನ ಉಮ್ಮನಿಗೆ ಬರೆದು ತಿಳಿಸಬೇಕಾಗಿ ಬಂದಿರಲಿಲ್ಲ ಎಂಬುದನ್ನು ಅಲ್ಲಿದ್ದ ಎಲ್ಲರೂ ಗಮನಿಸತಕ್ಕದ್ದೆಂದು ಸೇರಿಸಿದೆ.

ಭಾನುವಾರ ನಾವೆಲ್ಲರೂ ಕಾರ್ಕಳಕ್ಕೆ ಹೋದೆವು. ವೀಳ್ಯ ಬದಲಾಯಿಸುವ ಮುನ್ನ, ವಧೂವರರ ಮನೆತನ, ನಕ್ಷತ್ರ, ವಯಸ್ಸು ಬರೆದ ಕಾಗದವನ್ನು ವರನ ಕಡೆಯ ಹಿರಿಯರು ಸಭೆಗೆ ಓದಿ ಹೇಳುವುದು ಆ ಕುಟುಂಬಗಳ ಸಂಪ್ರದಾಯ. ಓದಿದ್ದರಲ್ಲಿ ಯಾರಾದರೂ ಏನಾದರೂ ಹೇಳುವುದಿದ್ದರೆ ಆಗಲೇ ಹೇಳಬೇಕು, ಆಮೇಲೆ ಹೇಳುವಂತಿಲ್ಲ. ವರನ ಸೋದರಮಾವ ಎದ್ದು ನಿಂತರು. ಕನ್ನಡಕವನ್ನು ಹೆಬ್ರಿಯಲ್ಲಿ ಮರೆತು ಬಂದಿದ್ದರು. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಗಟ್ಟಿಯಾದ ಧ್ವನಿಯಲ್ಲಿ ಓದಿದರು. ಮನೆತನ ಸರಿಯಾಗಿ ಓದಿದರು. ನಕ್ಷತ್ರವನ್ನೂ ಸರಿಯಾಗಿ ಓದಿದರು. ವರನ ವಯಸ್ಸು ತೊಂಬತ್ತೆರಡು ಎಂದು ಓದಿದರು.

ಮಾವನವರು ತಲೆಯೆತ್ತಿ, ಯಾರಿಗಾದರೂ ಆಕ್ಷೇಪ ಉಂಟೋ ಎಂದು ಕೇಳಿದರು. ಎಲ್ಲರೂ ವರನ ಕಡೆಗೆ ನೋಡಿದರು. ಇಪ್ಪತ್ತೊಂಬತ್ತು ಎಂದು ಅವನೇ ಹೇಳಿಬಿಟ್ಟಾನು ಎಂದು ಕಾದರು. ವರನು ಕೈ ಕಟ್ಟಿ ನೆಟ್ಟಗೆ ಕುಳಿತಿದ್ದನು. ಮುಖ ಕೆಂಪಾಗಿತ್ತು. ಹಣೆಯಲ್ಲಿ ಬೆವರು ಮೂಡಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ನಿಧಾನವಾಗಿ ಕತ್ತು ತಿರುಗಿಸಿ ವಧುವಿನ ಮುಖವನ್ನು ನೋಡಿದನು.

ಹುಡುಗಿ ತಲೆ ತಗ್ಗಿಸಿಕೊಂಡೇ, ಆದರೆ ಹಿಂದಿನ ಸಾಲಿನಲ್ಲಿದ್ದ ನನಗೂ ಕೇಳಿಸುವಷ್ಟು ಸ್ಪಷ್ಟವಾಗಿ ಹೇಳಿದಳು:

“ಇದನ್ನು ತಿದ್ದಬಹುದು.”

ಊಟದ ಉಪಸಮಿತಿಯ ಕೆ. ದೇಜಪ್ಪನವರಿಗೂ ಒಕ್ಕೂಟದ ಮೂಲಕ ಆಮಂತ್ರಣ ಹೋಗಿತ್ತು. ಅವರು ಬರಲಿಲ್ಲ. ಊಟದಲ್ಲಿ ಯಾವ ಜಗಳವೂ ಆಗಲಿಲ್ಲ.

ಹಾಜರಿದ್ದವರು: ವಧು ಅಕ್ಷತಾ, ವರ ಪ್ರಶಾಂತ, ವಧುವಿನ ತಾಯಿ ಗಿರಿಜಾ, ವರನ ಸೋದರಮಾವ ಸಂಜೀವಣ್ಣ, ಮಣಿಪಾಲ ಕಚೇರಿಯ ಒಡತಿ ವಿದ್ಯಾ, ಎಂಜಿನಿಯರ್ ಗಣೇಶ, ಒಕ್ಕೂಟದ ಮ್ಯಾನೇಜರ್ ಸದಾನಂದ, ಕಾಪುವಿನ ಅಂಗಡಿಯ ಇಬ್ರಾಹಿಂ, ಮತ್ತು ಕೈಯನ್ನು ಮಡಿಲಿನಲ್ಲಿಟ್ಟುಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದ ಅವರ ಉಮ್ಮ ಖತೀಜಮ್ಮ, ಹಿಂದಿನ ಸಾಲಿನಲ್ಲಿ ನಾನು, ಸೆವ್ರಿನ್ ಟೀಚರ್.